ಕೊಟ್ಟಿಗೆ, ಪಂಪ್ ಶೆಡ್, ಅಡಿಕೆ ಶೆಡ್ಡಿಗೆ ಅರ್ಥಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರದ ತೋಟದ ಮನೆಗಳಿಂದ ಕುಮಟಾ, ಅಂಕೋಲಾ, ಕಾರವಾರದ ಕರಾವಳಿಯವರೆಗೆ ಮನೆಯಿಂದ ದೂರದ ಕಟ್ಟಡಕ್ಕೆ ಕರೆಂಟು ಒಯ್ಯುವವರು ಕೇಳುವ ಪ್ರಶ್ನೆಗಳಿವು. ಯಂತ್ರದ ಲೋಹದ ಮೈಯನ್ನು ತಂತಿಯಿಂದ ನೆಲದಲ್ಲಿ ಹುಗಿದ ಪೈಪಿಗೋ ಪಟ್ಟಿಗೋ ಕೂಡಿಸುವುದೇ ಅರ್ಥಿಂಗ್. ಗುಂಡಿ ತೋಡುವುದು, ಕಾಲುವೆ ತೆಗೆಯುವುದು ನೀವೇ ಮಾಡಬಹುದು. ಬೋರ್ಡಿನ ಒಳಗಿನ ಜೋಡಣೆ ಮತ್ತು ಅಳತೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ.

## ಮೊದಲು ತಿಳಿಯಬೇಕಾದದ್ದು

ಕೊಟ್ಟಿಗೆಗೆ ಇರೋದು ಎರಡು ಬಲ್ಬು ಮಾತ್ರ. ಅದಕ್ಕೂ ಅರ್ಥಿಂಗ್ ಬೇಕಾ?

ಎರಡೂ ಪ್ಲಾಸ್ಟಿಕ್ ಹೋಲ್ಡರ್ ಆಗಿದ್ದು, ಕೊಟ್ಟಿಗೆಯಲ್ಲಿ ಪ್ಲಗ್ ಪಾಯಿಂಟೇ ಇಲ್ಲದಿದ್ದರೆ ಇವತ್ತಿಗೆ ಅರ್ಥ್ ಕೂಡಿಸಲು ಅಲ್ಲಿ ಏನೂ ಇಲ್ಲ. ಆದರೆ ಕೊಟ್ಟಿಗೆ ಹಾಗೇ ಉಳಿಯುವುದಿಲ್ಲ. ಮುಂದಿನ ವರ್ಷ ಹುಲ್ಲು ಕತ್ತರಿಸುವ ಯಂತ್ರ ಬರುತ್ತದೆ, ಆಮೇಲೆ ಹಾಲು ಕರೆಯುವ ಯಂತ್ರ, ನೀರು ಹೊಡೆಯಲು ಅರ್ಧ ಎಚ್‌ಪಿ ಪಂಪು. ಆಗ ಎರಡೆಳೆಯ ತಂತಿಗೇ ಮೂರು ಪಿನ್ನಿನ ಸಾಕೆಟ್ ಸಿಕ್ಕಿಸಿ, ಮೂರನೇ ತೂತನ್ನು ಖಾಲಿ ಬಿಡುತ್ತಾರೆ. ಹಾಗಾಗಿ ತಂತಿ ಎಳೆಯುವಾಗಲೇ ಮೂರೆಳೆಯದ್ದನ್ನು ಎಳೆಯಿರಿ, ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕತ್ತರಿಸುವ ಸ್ವಿಚ್ಚು) ಹಾಕಿಸಿ. ಹಸಿ ನೆಲ, ಬರಿಗಾಲು, ಸಗಣಿ, ಗಂಜಲ ಎಲ್ಲ ಒಟ್ಟಿಗೆ ಇರುವ ಜಾಗ ಮನೆಯಲ್ಲಿ ಬೇರೊಂದಿಲ್ಲ.

ಮನೇಲಿ ಎಂಸಿಬಿ (ಲೋಡು ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಇದೆ, ಅರ್ಥ್ ಗುಂಡಿಯೂ ಇದೆ. ಮತ್ತೆ ಆರ್‌ಸಿಸಿಬಿ ಯಾಕೆ ಬೇಕು?

ನಮಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಗೊಂದಲ ಇಲ್ಲಿಯೇ. "ಅರ್ಥ್ ಇದ್ದರೆ ಶಾಕ್ ಹೊಡೆಯುವುದಿಲ್ಲ" ಎಂಬ ನಂಬಿಕೆ ಅರ್ಧ ಸತ್ಯ. ಲೆಕ್ಕ ಹಾಕಿ ನೋಡೋಣ.

ಹಳ್ಳಿಯ ಸಂಪರ್ಕದಲ್ಲಿ ಕಂಬದಿಂದ ಫೇಸ್ ಮತ್ತು ನ್ಯೂಟ್ರಲ್ ಎರಡೇ ತಂತಿ ಮನೆಗೆ ಬರುತ್ತವೆ. ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಅಲ್ಲಿಯೇ ನೆಲಕ್ಕೆ ಕೂಡಿರುತ್ತದೆ, ನಿಮ್ಮ ಅರ್ಥ್ ನಿಮ್ಮ ಗುಂಡಿಯಲ್ಲಿ. ನಡುವೆ ಇರುವುದು ಬರೀ ಮಣ್ಣು. ನಿಮ್ಮ ಗುಂಡಿಯ ರೋಧ (ಕರೆಂಟಿಗೆ ಒಡ್ಡುವ ತಡೆ) 30 ಓಮ್, ಟ್ರಾನ್ಸ್‌ಫಾರ್ಮರ್ ಕಡೆಯದು 5 ಓಮ್ ಎಂದಿಟ್ಟುಕೊಳ್ಳಿ. ಪಂಪಿನ ಒಳಗೆ ಫೇಸ್ ತಂತಿ ಸುಟ್ಟು ಮೈಗೆ ತಾಗಿತು. ಹರಿಯುವ ಕರೆಂಟು 230 ಭಾಗಿಸು 35, ಅಂದರೆ ಸುಮಾರು 6.5 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಇದು ಸಾಧಾರಣ ಲೋಡು, ಅದು ಬೀಳುವುದೇ ಇಲ್ಲ. ಪಂಪಿನ ಮೈ ಮಾತ್ರ ಸುಮಾರು 197 ವೋಲ್ಟಿನಲ್ಲಿ ನಿಂತಿರುತ್ತದೆ, ಯಾರಾದರೂ ಮುಟ್ಟುವವರೆಗೆ. 16 ಆಂಪಿಯರಿನ ಸಿ ಮಾದರಿ ಎಂಸಿಬಿ ಥಟ್ಟನೆ ಬೀಳುವುದು ಖಾತ್ರಿಯಾಗಲು 160 ಆಂಪಿಯರ್ ಹರಿಯಬೇಕು. ಅದಕ್ಕೆ ಇಡೀ ದಾರಿಯ ರೋಧ ಒಂದೂವರೆ ಓಮ್‌ಗಿಂತ ಕಡಿಮೆ ಇರಬೇಕು. ಕೊಟ್ಟಿಗೆಯ ಗುಂಡಿಯಿಂದ ಅದು ಆಗುವ ಮಾತಲ್ಲ.

ಆರ್‌ಸಿಸಿಬಿ ನೋಡುವುದು ಬೇರೆಯದನ್ನೇ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸು ಬಂತೋ ಇಲ್ಲವೋ ಎಂದು ಅದು ತೂಗುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ 0.3 ಸೆಕೆಂಡಿನೊಳಗೆ ಕತ್ತರಿಸುತ್ತದೆ. ಅದಕ್ಕೆ 6.5 ಆಂಪಿಯರ್ ಅಂದರೆ ಇನ್ನೂರು ಪಾಲಿಗಿಂತ ಹೆಚ್ಚು. ಆರ್‌ಸಿಸಿಬಿ ಇದ್ದು ಅರ್ಥ್ ಇಲ್ಲದಿದ್ದರೆ ಏನಾಗುತ್ತದೆ? ಕರೆಂಟು ಸೋರಲು ದಾರಿಯಿಲ್ಲದೆ ಪಂಪಿನ ಮೈಯಲ್ಲಿ ವೋಲ್ಟೇಜು ಹಾಗೇ ನಿಂತಿರುತ್ತದೆ; ಮುಟ್ಟಿದವರ ಮೈಯಲ್ಲಿ ಕರೆಂಟು ಹರಿದ ಮೇಲೆಯೇ ಆರ್‌ಸಿಸಿಬಿ ಬೀಳುತ್ತದೆ. ಆದ್ದರಿಂದ ಎರಡೂ ಬೇಕು: ಅರ್ಥ್ ದಾರಿ ಕೊಡುತ್ತದೆ, ಆರ್‌ಸಿಸಿಬಿ ಕತ್ತರಿಸುತ್ತದೆ. ಓವರ್‌ಲೋಡಿಗೆ ಎಂಸಿಬಿಯೂ ಜೊತೆಗಿರಲಿ. ಆರ್‌ಸಿಸಿಬಿ ಆ ಕೆಲಸ ಮಾಡುವುದಿಲ್ಲ.

ಅಂಗಡಿಯಲ್ಲಿ ಇದನ್ನು ಇನ್ನೂ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಹೆಸರು ಏನೇ ಇರಲಿ, ಮೇಲೆ 30 ಮಿಲಿಆಂಪಿಯರ್ ಎಂದು ಬರೆದಿದೆಯೇ ನೋಡಿ. ಸಣ್ಣ ಶೆಡ್ಡಿಗೆ 25 ಆಂಪಿಯರ್, ಎರಡು ಪೋಲಿನದ್ದು (ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥದ್ದು) ಸಾಕು.

ಮನೆಯ ಅರ್ಥನ್ನೇ ಕೊಟ್ಟಿಗೆಗೆ ಎಳೆದ್ರೆ ಸಾಕಾ, ಬೇರೆ ಗುಂಡಿ ತೋಡಬೇಕಾ?

ಅಂಗಳದಾಚೆಯ ಹತ್ತಿಪ್ಪತ್ತು ಮೀಟರಿನ ಸೌದೆ ಮನೆ, ಸಾಮಾನು ಕೋಣೆಗೆ ಮನೆಯಿಂದ ಮೂರೆಳೆಯ ಕೇಬಲ್ ಸಾಕು. ದನ ಇರುವಲ್ಲಿ, ಪಂಪು ಇರುವಲ್ಲಿ, 30 ಮೀಟರಿಗಿಂತ ದೂರ ಇರುವಲ್ಲಿ ಬೇರೆ ಗುಂಡಿ ತೋಡಿಸುವುದೇ ನಮ್ಮ ಸಲಹೆ.

ಎರಡನ್ನೂ ಒಟ್ಟಿಗೆ ಕೂಡಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ಮನೆಯ ಎಲ್ಲ ಸರ್ಕ್ಯೂಟಿಗೂ ಆರ್‌ಸಿಸಿಬಿ ಇದ್ದರೆ ಕೂಡಿಸಿ, ರೋಧ ಕಡಿಮೆಯಾಗುತ್ತದೆ. ಮನೆಯಲ್ಲಿ ಆರ್‌ಸಿಸಿಬಿ ಇಲ್ಲದಿದ್ದರೆ ಕೂಡಿಸಲೇಬೇಡಿ. ಅಡುಗೆ ಮನೆಯ ಮಿಕ್ಸಿಯಲ್ಲಿ ಆದ ದೋಷ ಅರ್ಥ್ ತಂತಿಯಲ್ಲಿ ನಡೆದುಕೊಂಡು ಹೋಗಿ ಕೊಟ್ಟಿಗೆಯ ಕಬ್ಬಿಣದ ಕಂಬಕ್ಕೆ ಮುಟ್ಟುತ್ತದೆ. ಬೇರೆ ಬೇರೆಯಾಗಿಯೇ ಇಡುವುದಾದರೆ ಆರ್ಮರ್ಡ್ ಕೇಬಲಿನ ಉಕ್ಕಿನ ಕವಚವನ್ನು ಮನೆಯ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ. ಶೆಡ್ಡಿನ ತುದಿಯಲ್ಲಿ ಅದು ಯಾವ ಲೋಹಕ್ಕೂ ತಾಗದ ಹಾಗೆ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುಗಿಸಿ.

ನ್ಯೂಟ್ರಲ್ ತಂತಿಗೇ ಅರ್ಥ್ ಕೂಡಿಸಿದ್ರೆ ಗುಂಡಿ ಖರ್ಚು ಉಳಿಯೋದಿಲ್ವಾ?

ಉಳಿಯುತ್ತದೆ, ಮೊದಲ ಗಾಳಿಮಳೆಯವರೆಗೆ. ಜೂನಿನಲ್ಲಿ ಟೊಂಗೆ ಬಿದ್ದು ಕಂಬದ ನ್ಯೂಟ್ರಲ್ ತುಂಡಾದರೆ, ಹಚ್ಚಿಟ್ಟ ಒಂದು ಬಲ್ಬಿನ ಮೂಲಕವೇ ಫೇಸ್ ನ್ಯೂಟ್ರಲಿಗೆ ಬಂದು, ಅಲ್ಲಿಂದ ಅರ್ಥ್ ಮಾಡಿದ ಪ್ರತಿ ಲೋಹದ ಮೈಗೂ ಬರುತ್ತದೆ. ಫ್ರಿಜ್ಜು, ಪಂಪು, ಗ್ರೈಂಡರ್ ಎಲ್ಲವೂ ಶಾಕ್ ಹೊಡೆಯುತ್ತವೆ. ಆರ್‌ಸಿಸಿಬಿ ದಾಟಿದ ಮೇಲೆ ಎಲ್ಲಿಯಾದರೂ ಹೀಗೆ ಕೂಡಿಸಿದ್ದರೆ ಅದು ನಿಲ್ಲದೇ ಬೀಳುತ್ತಿರುತ್ತದೆ. ಕೊನೆಗೆ ಯಾರೋ ಬಂದು ತಪ್ಪನ್ನು ಬಿಟ್ಟು ಆರ್‌ಸಿಸಿಬಿಯನ್ನೇ ಕಿತ್ತು ಹಾಕುತ್ತಾರೆ.

ನ್ಯೂಟ್ರಲ್ ಹೋದಾಗ ಅರ್ಥ್ ತಂತಿ ಸಿಕ್ಕಿಸಿ ಲೈಟ್ ಹಚ್ಚೋದು ನಮ್ಮಲ್ಲಿ ರೂಢಿ. ಅದ್ರಿಂದ ಏನಾಗುತ್ತೆ?

30 ಓಮಿನ ಗುಂಡಿಯ ಮೇಲೆ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಾಗೆ ಓಡಿದರೆ ಮನೆಯ ಎಲ್ಲ ಅರ್ಥ್ ಪಿನ್ನುಗಳೂ 83 ವೋಲ್ಟಿಗೆ ಏರುತ್ತವೆ. ಗುಂಡಿಯ ಸುತ್ತಲಿನ ಹಸಿ ನೆಲದಲ್ಲಿಯೂ ವೋಲ್ಟೇಜು ಹರಡುತ್ತದೆ. ಲೈನ್‌ಮನ್ ಬರುವವರೆಗೆ ಚಿಮಣಿ ಹಚ್ಚಿಕೊಳ್ಳಿ.

## ಗುಂಡಿ ಮತ್ತು ಮಣ್ಣು

ಗುಂಡಿ ಎಲ್ಲಿ ತೋಡಬೇಕು, ಏನೇನು ಸಾಮಾನು ತರಬೇಕು?

ಜಾಗ: ಅಡಿಪಾಯದಿಂದ ಒಂದೂವರೆ ಮೀಟರ್ ದೂರ, ವರ್ಷವಿಡೀ ತಂಪಿರುವ ಕಡೆ, ದನ ನಿಲ್ಲುವ ಮತ್ತು ಓಡಾಡುವ ಜಾಗದಿಂದ ಆಚೆ. ಬಚ್ಚಲ ನೀರು ಹೋಗುವ ಬದಿ ಒಳ್ಳೆಯದು. ಗೊಬ್ಬರ ಗುಂಡಿಯ ಅಂಚು ತಂಪಿದ್ದರೂ ಅಲ್ಲಿನ ರಸ ಕಬ್ಬಿಣವನ್ನು ತಿನ್ನುತ್ತದೆ. ಮೈಲುತುತ್ತ ಕಲಸುವ ಜಾಗದ ಹತ್ತಿರವಂತೂ ಬೇಡ. ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣದ ಔಷಧಿ) ಪಾತ್ರೆ ತೊಳೆದ ನೀರು ಬಿದ್ದಲ್ಲಿ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪಿನ ಸತುವು ಮೊದಲು ಹೋಗುತ್ತದೆ, ಆಮೇಲೆ ಕಬ್ಬಿಣ.

ಸಾಮಾನು: 40 ಮಿ.ಮೀ. ಜಿಐ ಪೈಪು 3 ಮೀಟರ್ (ಐಎಸ್ 3043 ಎಂಬ ಭಾರತೀಯ ಮಾನಕದ ಪ್ರಕಾರ ಎರಡೂವರೆ ಮೀಟರಿಗೆ ಕಡಿಮೆ ಇರಕೂಡದು). ಕೆಳಗಿನ ಭಾಗದಲ್ಲಿ 12 ಮಿ.ಮೀ. ತೂತುಗಳು. ಬೋರ್ಡಿಗೆ ಒಯ್ಯಲು 8 ಗೇಜಿನ ಜಿಐ ತಂತಿ ಅಥವಾ 25×3 ಮಿ.ಮೀ. ಜಿಐ ಪಟ್ಟಿ. ಜಿಐ ಕ್ಲಾಂಪು, ನಟ್ಟು ಬೋಲ್ಟು, ವಾಷರು. ಮೇಲೆ ಒಂದಡಿ ಚೌಕದ ಇಟ್ಟಿಗೆ ತೊಟ್ಟಿ, ಎತ್ತಲು ಬರುವ ಮುಚ್ಚಳ.

ಕೆಡುವುದು ಸಾಮಾನ್ಯವಾಗಿ ಪೈಪಲ್ಲ, ಕ್ಲಾಂಪು. ತಂತಿಯನ್ನು ಪೈಪಿಗೆ ಬರೀ ಸುತ್ತಿ ಮಣ್ಣು ಮುಚ್ಚಿದರೆ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಡಿಸಿಕೊಳ್ಳುತ್ತದೆ, ಮೇಲಿಂದ ಯಾರಿಗೂ ಕಾಣುವುದಿಲ್ಲ. ಜೋಡಣೆ ತೊಟ್ಟಿಯೊಳಗೆ ಕಣ್ಣಿಗೆ ಕಾಣುವಂತಿರಲಿ, ಬಿಗಿದ ಮೇಲೆ ಗ್ರೀಸೋ ಡಾಂಬರು ಬಣ್ಣವೋ ಬಳಿಯಿರಿ. ತಾಮ್ರದ ತಂತಿಯನ್ನು ನೇರವಾಗಿ ಜಿಐಗೆ ಒತ್ತಬೇಡಿ, ತವರ ಲೇಪದ ಲಗ್ಗು ಹಾಕಿ. ನೆಲದಿಂದ ಮೇಲೇಳುವ ತಂತಿಗೆ ಪಿವಿಸಿ ಪೈಪಿನ ಹೊದಿಕೆ ಕೊಡಿ.

ಮೂರು ಅಡಿಗೇ ಚಿರೆಕಲ್ಲು ಸಿಕ್ತು. ಪೈಪು ಇಳಿಯೋದೇ ಇಲ್ಲ. ಏನು ಮಾಡೋದು?

ಕಲ್ಲಿನೊಡನೆ ಗುದ್ದಾಡಬೇಡಿ. ಮಣ್ಣಿನ ಗುಣ ಎಷ್ಟು ಮುಖ್ಯ ನೋಡಿ: 100 ಓಮ್-ಮೀಟರಿನ (ಇದು ಮಣ್ಣು ಕರೆಂಟಿಗೆ ಒಡ್ಡುವ ತಡೆಯ ಅಳತೆ) ತಂಪು ಮಣ್ಣಿನಲ್ಲಿ 3 ಮೀಟರಿನ ಪೈಪು ಲೆಕ್ಕಕ್ಕೆ 30 ಓಮ್ ಕೊಡುತ್ತದೆ. 1000 ಓಮ್-ಮೀಟರಿನ ಒಣ ನೆಲದಲ್ಲಿ ಅದೇ ಪೈಪು 300 ಓಮ್. ಕಷ್ಟಪಟ್ಟು ಕೊರೆದು ಇಳಿಸಿದರೂ ಸಿಗುವುದು ಅದೇ.

ನಮ್ಮ ಕಡೆಯ ಮನೆಗಳು ದಿಬ್ಬದ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ನೀರಿನ ಪಸೆ ಅಲ್ಲಿ ಮೇ ತಿಂಗಳಲ್ಲಿಯೂ ಇರುತ್ತದೆ. ಅರ್ಥನ್ನು ಕೆಳಗೆ ಇಳಿಸುವುದಕ್ಕಿಂತ ಅಲ್ಲಿಗೆ ಒಯ್ಯುವುದು ಜಾಣತನ. ತೋಟದ ಅಂಚಿನಲ್ಲಿ ಅರ್ಧ ಮೀಟರಿಗಿಂತ ಆಳದ ಕಾಲುವೆ ತೆಗೆದು 25 ಮಿ.ಮೀ. ಅಗಲದ ಜಿಐ ಪಟ್ಟಿಯನ್ನು 15 ಮೀಟರ್ ಉದ್ದಕ್ಕೆ ಮಲಗಿಸಿ. 100 ಓಮ್-ಮೀಟರಿನ ಮಣ್ಣಿನಲ್ಲಿ ಅದು ಲೆಕ್ಕಕ್ಕೆ 11 ಓಮಿನ ಆಸುಪಾಸು ಕೊಡುತ್ತದೆ, ನಿಂತ ಪೈಪಿನ ಮೂರರಲ್ಲೊಂದು ಪಾಲು. ಕಾಲುವೆಗೆ ಚಿರೆಕಲ್ಲಿನ ಚೂರು ತುಂಬಬೇಡಿ. ತೋಟದ ಕಪ್ಪು ಮಣ್ಣು ಅಥವಾ ಜೇಡಿ ತುಂಬಿ ತುಳಿದು ಗಟ್ಟಿ ಮಾಡಿ. ಅಡಿಕೆ ಬುಡದಿಂದ ದೂರ ಇರಲಿ, ಗುದ್ದಲಿ ಬೇರಿಗೆ ತಾಗದ ಹಾಗೆ.

ಎರಡು ಪೈಪು ಹಾಕುವುದಾದರೆ ನಡುವೆ ಪೈಪಿನ ಉದ್ದದ ಎರಡರಷ್ಟು, ಅಂದರೆ 6 ಮೀಟರ್ ಅಂತರ ಕೊಡಿ. ಪಕ್ಕಪಕ್ಕದಲ್ಲಿ ಹಾಕಿದ ಎರಡು ಪೈಪು ಒಂದೂಕಾಲು ಪೈಪಿನ ಕೆಲಸವನ್ನೂ ಮಾಡುವುದಿಲ್ಲ.

ಉಪ್ಪು, ಇದ್ದಿಲು ಹಾಕೋದು ಸರಿಯೋ ತಪ್ಪೋ? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಬಯಲುಸೀಮೆಯಲ್ಲಿ ಅದಕ್ಕೆ ಅರ್ಥವಿದೆ. ಘಟ್ಟದ ಮೇಲಿನ ಮಳೆಯಲ್ಲಿ ಉಪ್ಪು ಒಂದೆರಡು ವರ್ಷದಲ್ಲಿ ಕರಗಿ ಹೋಗುತ್ತದೆ, ಹೋಗುವಾಗ ಪೈಪನ್ನೂ ತಿಂದು ಹೋಗುತ್ತದೆ. ಅಳತೆ ಮಾಡಿದ ದಿನ ಚೆನ್ನಾಗಿ ಕಂಡ ಗುಂಡಿ ಮೂರನೇ ಬೇಸಿಗೆಗೆ ಕೈ ಕೊಡುವುದು ಹೀಗೆ. ಇದ್ದಿಲ ಪುಡಿ ಪಸೆ ಹಿಡಿದಿಡುತ್ತದೆ, ಕರಗುವುದಿಲ್ಲ. ಅದಕ್ಕಿಂತ ಒಳ್ಳೆಯದು ಬೆಂಟೊನೈಟ್ ಜೇಡಿ. ನೀರು ಕುಡಿದು ಉಬ್ಬಿ ಪೈಪಿಗೆ ಅಂಟಿಕೊಳ್ಳುತ್ತದೆ. ತೋಟದ ಪಕ್ಕದಲ್ಲಿ ಉಪ್ಪಿನ ಮೂಟೆ ಸುರಿಯುವುದನ್ನು ನಾವಂತೂ ಒಪ್ಪುವುದಿಲ್ಲ.

ನಮ್ಮದು ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಪಕ್ಕದ ಜಾಗ. ಪೈಪು ನಾಲ್ಕೇ ವರ್ಷಕ್ಕೆ ತಿಂದುಹೋಯ್ತು. ಮತ್ತೆ ಅದೇ ಹಾಕೋದಾ?

ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳ ಅಳಿವೆ ಬದಿಯ ಉಪ್ಪು ಮಣ್ಣಿನಲ್ಲಿ ರೋಧ ಕಡಿಮೆ, ಬಾಳಿಕೆಯೂ ಕಡಿಮೆ. ಅಲ್ಲಿ ಉದ್ದ ಮುಖ್ಯವಲ್ಲ, ಲೋಹ ಮುಖ್ಯ. ತೆಳು ಜಿಐ ಪೈಪಿನ ಬದಲು ದಪ್ಪ ತಾಮ್ರದ ಲೇಪವಿರುವ ಉಕ್ಕಿನ ಸರಳು ಹಾಕಿ, ಜೋಡಣೆಗೆ ಹಿತ್ತಾಳೆ ಕ್ಲಾಂಪು. ಜಿಐ ಬಿಟ್ಟು ಬೇರೆ ಸಿಗದಿದ್ದರೆ ಬಿಸಿ ಸತುವಿನಲ್ಲಿ ಅದ್ದಿದ್ದೇ ಆಗಬೇಕು, ಪ್ರತಿ ವರ್ಷ ತೊಟ್ಟಿ ತೆರೆದು ನೋಡಬೇಕು. ತಾಮ್ರವನ್ನೂ ಕಬ್ಬಿಣವನ್ನೂ ಒಂದೇ ಉಪ್ಪು ನೆಲದಲ್ಲಿ ಹತ್ತಿರ ಹತ್ತಿರ ಹುಗಿದು ಕೂಡಿಸಿದರೆ ಕಬ್ಬಿಣ ಇನ್ನೂ ಬೇಗ ಸವೆಯುತ್ತದೆ. ಸಮುದ್ರದ ದಂಡೆಯ ಒಣ ಉಸುಕಿನ ಕಥೆ ಬೇರೆ: ನೀರು ಸಿಗುವ ಮಟ್ಟದವರೆಗೆ ಸರಳು ಇಳಿಯದಿದ್ದರೆ ಅದು ಚಿರೆಕಲ್ಲಿನಷ್ಟೇ ಕೆಟ್ಟದ್ದು.

## ಕೇಬಲ್

ಮನೆಯಿಂದ 50 ಮೀಟರ್ ದೂರ. ಯಾವ ಕೇಬಲ್? ನೆಲದಡಿಯೋ, ಮೇಲಿಂದಲೋ?

ಆದಷ್ಟೂ ನೆಲದಡಿ. ಮೂರೆಳೆಯ ಆರ್ಮರ್ಡ್ ಕೇಬಲ್, 75 ಸೆಂ.ಮೀ. ಆಳ, ಕೆಳಗೆ ಮೇಲೆ ಉಸುಕು, ಅದರ ಮೇಲೆ ಒಂದು ಸಾಲು ಇಟ್ಟಿಗೆ. ಇಟ್ಟಿಗೆ ಇಡುವುದು ಮುಂದೆ ಗುದ್ದಲಿ ಹಾಕುವವನಿಗೆ ಸುಳಿವು ಸಿಗಲಿ ಎಂದು. ಬರೀ ಪಿವಿಸಿ ತಂತಿಯನ್ನು ಮಣ್ಣಿನಲ್ಲಿ ಹುಗಿದರೆ ಹೆಗ್ಗಣ, ಗೆದ್ದಲು, ಕಾಯಿ ಬೀಳುವ ಪೆಟ್ಟು ಯಾವುದಾದರೊಂದು ಅದನ್ನು ಮುಗಿಸುತ್ತದೆ.

ದಪ್ಪ: 2.5 ಚದರ ಮಿ.ಮೀ. ತಾಮ್ರ 50 ಮೀಟರಿಗೆ, 7 ಆಂಪಿಯರಿನ 1 ಎಚ್‌ಪಿ ಪಂಪಿಗೆ ಸುಮಾರು 5 ವೋಲ್ಟ್ ತಿನ್ನುತ್ತದೆ. ಆದರೆ ಪಂಪು ಶುರುವಾಗುವಾಗ ಐದಾರು ಪಟ್ಟು ಎಳೆಯುತ್ತದೆ. ಬೇಸಿಗೆಯ ಸಂಜೆ ಲೈನಿನಲ್ಲಿಯೇ 190 ವೋಲ್ಟ್ ಇದ್ದರೆ ಪಂಪು ಗುರ್ರೆನ್ನುತ್ತದೆ, ತಿರುಗುವುದಿಲ್ಲ. ಅದಕ್ಕೆ 4 ಚದರ ಮಿ.ಮೀ. ಹಾಕಿಸಿ. 16 ಚದರ ಮಿ.ಮೀ. ವರೆಗೆ ಅರ್ಥ್ ಎಳೆ ಫೇಸಿನಷ್ಟೇ ದಪ್ಪ ಇರಬೇಕು, ಬಣ್ಣ ಹಸಿರು ಅಥವಾ ಹಸಿರು-ಹಳದಿ.

ಮೇಲಿಂದ ಎಳೆಯಲೇಬೇಕಾದರೆ ಕೇಬಲನ್ನು ಹೊರುವ ಜಿಐ ತಂತಿಯ ಎರಡೂ ತುದಿಗೆ ಪಿಂಗಾಣಿ ಗುಬ್ಬಿ ಹಾಕಿ. ಆ ತಂತಿಗೆ ಯಾವ ಕಾರಣಕ್ಕೂ ಬಟ್ಟೆ ಒಣಹಾಕಬೇಡಿ, ಬಟ್ಟೆ ತಂತಿಯನ್ನು ಅದೇ ಕಂಬಕ್ಕೆ ಕಟ್ಟಲೂಬೇಡಿ. ಗಾಳಿಗೆ ಉಜ್ಜಿ ಉಜ್ಜಿ ಹೊದಿಕೆ ಹರಿದ ದಿನ ಒದ್ದೆ ಬಟ್ಟೆ ತೆಗೆಯಲು ಹೋದವರು ಸಾಯುತ್ತಾರೆ. ಸಿಂಥೆಟಿಕ್ ಹಗ್ಗ ಅಗ್ಗ.

## ದನ, ಮೋಟಾರು, ಬೇಲಿ

ಹಾಲು ಕರೆಯುವಾಗ ಆಕಳು ಬೆಚ್ಚಿ ಒದೀತದೆ, ನೀರಿನ ತೊಟ್ಟಿಗೆ ಬಾಯಿ ಹಾಕೋದಿಲ್ಲ. ನಮಗೆ ಶಾಕ್ ಏನೂ ಗೊತ್ತಾಗೋದಿಲ್ಲ. ಕರೆಂಟಿನ ತೊಂದರೆ ಇರಬಹುದಾ?

ಇರಬಹುದು. ಚಪ್ಪಲಿ ಹಾಕಿದ ನಿಮಗೆ ತಿಳಿಯದ ವೋಲ್ಟೇಜು ಆಕಳಿಗೆ ತಿಳಿಯುತ್ತದೆ. ಅದರ ಮೈಯ ರೋಧ ಕಡಿಮೆ, ನಾಲ್ಕು ಗೊರಸೂ ಗಂಜಲದಲ್ಲಿ, ಮುಂಗಾಲಿಗೂ ಹಿಂಗಾಲಿಗೂ ನಡುವೆ ಮೀಟರಿಗೂ ಹೆಚ್ಚು ಅಂತರ, ನಡುವೆ ಎದೆ. ಮನುಷ್ಯರಿಗೆ 50 ವೋಲ್ಟ್ ಮಿತಿ ಎಂದಿಟ್ಟರೆ ಜಾನುವಾರಿಗೆ 25 ಎಂದು ಹಿಡಿಯುವುದು ಇದಕ್ಕೇ.

ಪರೀಕ್ಷೆ: ಮಲ್ಟಿಮೀಟರನ್ನು ಎಸಿಯಲ್ಲಿಟ್ಟು ಒಂದು ಕಡ್ಡಿಯನ್ನು ನೀರಿನ ಪೈಪಿಗೆ ಅಥವಾ ಕಟ್ಟುವ ಸರಳಿಗೆ, ಇನ್ನೊಂದನ್ನು ಹಿಂಗಾಲು ಊರುವ ಜಾಗದಲ್ಲಿ ಒದ್ದೆ ಬಟ್ಟೆಯ ಮೇಲಿಟ್ಟ ಸ್ಟೀಲ್ ತಟ್ಟೆಗೆ ಹಿಡಿಯಿರಿ. ಎರಡು ಕಡ್ಡಿಗಳ ನಡುವೆ 1000 ಓಮಿನ ರೆಸಿಸ್ಟರ್ ಇರಲಿ, ಇಲ್ಲದಿದ್ದರೆ ಡಿಜಿಟಲ್ ಮೀಟರು ಇಲ್ಲದ ವೋಲ್ಟೇಜನ್ನೂ ತೋರಿಸುತ್ತದೆ. ಒಂದು ವೋಲ್ಟ್ ಮೀರಿದರೆ ಮೂಲ ಹುಡುಕಿ: ಒಂದೊಂದೇ ಎಂಸಿಬಿ ಇಳಿಸುತ್ತಾ ಯಾವಾಗ ವೋಲ್ಟೇಜು ಕಡಿಮೆಯಾಗುತ್ತದೆ ನೋಡಿ.

ಪರಿಹಾರ ಎಂದರೆ ಆಕಳು ಮುಟ್ಟುವ ಎಲ್ಲವನ್ನೂ ಒಂದೇ ವೋಲ್ಟೇಜಿಗೆ ತರುವುದು. ಕಂಬ, ಸರಳು, ಕಬ್ಬಿಣದ ಗೋದಲಿ, ನೀರಿನ ಪೈಪು ಎಲ್ಲವನ್ನೂ 8 ಗೇಜಿನ ತಂತಿಯಿಂದ ಒಂದಕ್ಕೊಂದು ಕೂಡಿಸಿ ಬೋರ್ಡಿನ ಅರ್ಥ್ ಪಟ್ಟಿಗೆ (ಎಲ್ಲ ಅರ್ಥ್ ತಂತಿ ಸೇರುವ ಪಟ್ಟಿ) ತನ್ನಿ. ಹೊಸದಾಗಿ ಕಾಂಕ್ರೀಟ್ ಹಾಕುವವರು ಅದೃಷ್ಟವಂತರು: ಕಾಂಕ್ರೀಟಿನೊಳಗೆ 15 ಸೆಂ.ಮೀ. ಕಣ್ಣಿನ ವೆಲ್ಡ್ ಜಾಲರಿ ಹಾಸಿ, ಎರಡು ಕಡೆ ವೆಲ್ಡ್ ಮಾಡಿ ತುದಿ ಹೊರಗೆ ತೆಗೆದು ಅದೇ ಪಟ್ಟಿಗೆ ಕೂಡಿಸಿ. ಕಾಂಕ್ರೀಟ್ ಬಿದ್ದ ಮೇಲೆ ಈ ಅವಕಾಶ ಮತ್ತೆ ಬರುವುದಿಲ್ಲ.

ತೋಟದ 3 ಫೇಸ್ ಮೋಟಾರಿಗೆ ಎರಡು ಅರ್ಥ್ ಯಾಕೆ? ಒಂದು ಸಾಲದಾ?

250 ವೋಲ್ಟ್ ಮೀರಿದ ಮೋಟಾರಿನ ಮೈಗೆ ಎರಡು ಪ್ರತ್ಯೇಕ ಅರ್ಥ್ ಜೋಡಣೆ ಇರಬೇಕೆಂದು ಕಾನೂನೇ ಹೇಳುತ್ತದೆ. ಒಂದು ಬಿಟ್ಟುಹೋದರೂ ಇನ್ನೊಂದು ಉಳಿಯಲಿ ಎಂಬುದು ಉದ್ದೇಶ. ಆದ್ದರಿಂದ ಒಂದೇ ಬೋಲ್ಟಿಗೆ ಎರಡು ತಂತಿ ಸಿಕ್ಕಿಸಿದರೆ ಅದು ಎರಡು ಎಂದಾಗುವುದಿಲ್ಲ. ಸ್ಟಾರ್ಟರ್ ಪೆಟ್ಟಿಗೆಯನ್ನು ಮರೆಯಬೇಡಿ. ಒದ್ದೆ ಕೈಯಿಂದ ದಿನಾ ಮುಟ್ಟುವುದು ಅದನ್ನೇ. ನಾಲ್ಕು ಪೋಲಿನ ಆರ್‌ಸಿಸಿಬಿ ಹಾಕುವಾಗ ಒಂದು ಎಚ್ಚರ: ಕೆಲವು ಮಾದರಿಗಳ ಟೆಸ್ಟ್ ಬಟನ್ ನ್ಯೂಟ್ರಲ್ ಇಲ್ಲದೆ ಕೆಲಸ ಮಾಡುವುದಿಲ್ಲ.

ಹಂದಿ ಕಾಟಕ್ಕೆ ಐಬೆಕ್ಸ್ ಬೇಲಿ (ಮಿಡಿತದಲ್ಲಿ ಶಾಕ್ ಕೊಡುವ ತಂತಿ ಬೇಲಿ) ಹಾಕಿದ್ದೇವೆ. ಅದರ ಅರ್ಥನ್ನು ಪಂಪ್ ಶೆಡ್ಡಿನ ಗುಂಡಿಗೇ ಕೊಡಬಹುದಾ?

ಕೂಡದು. ಬೇಲಿಯ ಸರಳು ಕರೆಂಟಿನ ಅರ್ಥಿನಿಂದ ಕನಿಷ್ಠ 10 ಮೀಟರ್ ದೂರ ಇರಬೇಕು. ಒಂದೇ ಗುಂಡಿಯಾದರೆ ಬೇಲಿಯ ಪ್ರತಿ ಮಿಡಿತವೂ ಪಂಪಿನ ಮೈಗೆ ಬರುತ್ತದೆ. ಮನೆಯ ಲೈನನ್ನು ನೇರ ಬೇಲಿಗೆ ಕೊಡುವುದು ಕೊಲೆಗೆ ಸಮ, ಅದರ ಬಗ್ಗೆ ಬೇರೆ ಮಾತಿಲ್ಲ.

## ಅಳತೆ ಮತ್ತು ತೊಂದರೆ

ಫೇಸಿಗೂ ಅರ್ಥಿಗೂ 100 ವ್ಯಾಟ್ ಬಲ್ಬ್ ಹಚ್ಚಿ ನೋಡಿದ್ವಿ, ಜೋರಾಗಿ ಉರೀತು. ಅಂದ್ರೆ ಅರ್ಥ್ ಸರಿ ಇದೆ ಅಲ್ವಾ?

ತಂತಿ ತುಂಡಾಗಿಲ್ಲ ಎಂದಷ್ಟೇ ಅರ್ಥ. ಉರಿಯುವಾಗ ಆ ಬಲ್ಬಿನ ರೋಧ 529 ಓಮ್. ನಿಮ್ಮ ಗುಂಡಿ 100 ಓಮಿನ ಕಳಪೆಯದ್ದಾದರೂ ಬಲ್ಬಿಗೆ 190 ವೋಲ್ಟಿಗಿಂತ ಹೆಚ್ಚು ಸಿಗುತ್ತದೆ, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಅಷ್ಟು ಹೊತ್ತು ಮನೆಯ ಅರ್ಥ್ ಪಿನ್ನುಗಳು 35 ವೋಲ್ಟಿಗೂ ಮೇಲೆ ಇರುತ್ತವೆ. ಆರ್‌ಸಿಸಿಬಿ ಇದ್ದರೆ ಬಲ್ಬ್ ಹಚ್ಚಿದೊಡನೆ ಅದು ಬೀಳುತ್ತದೆ.

ಸರಿಯಾದ ಅಳತೆ ಅರ್ಥ್ ಟೆಸ್ಟರಿನದು. ಗುಂಡಿಯಿಂದ ತಂತಿ ಬಿಡಿಸಿ, ಕರೆಂಟಿನ ಮೊಳೆಯನ್ನು 30 ಮೀಟರ್ ದೂರಕ್ಕೂ ನಡುವಿನ ಮೊಳೆಯನ್ನು ಅದರ 62 ಶೇಕಡಾ ದೂರಕ್ಕೂ, ಅಂದರೆ 18–19 ಮೀಟರಿಗೂ ನೆಡುತ್ತಾರೆ. ನಡುವಿನದನ್ನು ಎರಡು ಮೀಟರ್ ಆಚೀಚೆ ಸರಿಸಿದಾಗಲೂ ಅಂಕಿ ಹೆಚ್ಚು ಬದಲಾಗದಿದ್ದರೆ ನಂಬಬಹುದು. ಅಳೆಯಬೇಕಾದ್ದು ಏಪ್ರಿಲ್–ಮೇನಲ್ಲಿ. ಜುಲೈಯಲ್ಲಿ ನಮ್ಮೂರಿನ ಯಾವ ಗುಂಡಿಯೂ ಪಾಸಾಗುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿಗೆ 25 ವೋಲ್ಟ್ ಮಿತಿಯಲ್ಲಿ 833 ಓಮ್ ಕೂಡ ಲೆಕ್ಕಕ್ಕೆ ಸಾಕು, ಆದರೆ ಅಷ್ಟು ಕೆಟ್ಟ ಗುಂಡಿ ಮುಂದಿನ ಬೇಸಿಗೆಗೆ ಎಲ್ಲಿರುತ್ತದೋ ಹೇಳಲಾಗದು. ಮೇ ತಿಂಗಳಲ್ಲಿ 100 ಓಮ್ ದಾಟಬಾರದು ಎಂದಿಟ್ಟುಕೊಳ್ಳಿ.

ಮಳೆಗಾಲ ಶುರುವಾದ್ರೆ ಆರ್‌ಸಿಸಿಬಿ ಬೀಳ್ತಾನೇ ಇರ್ತದೆ. ತೆಗೆದು ಹಾಕೋಣ ಅನ್ನಿಸ್ತದೆ.

ಅದು ದೂರು ಹೇಳುತ್ತಿದೆ, ಕೇಳಿ. ಶೆಡ್ಡಿನ ಎಲ್ಲ ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಆರ್‌ಸಿಸಿಬಿ ಎತ್ತಿ, ಒಂದೊಂದೇ ಏರಿಸುತ್ತಾ ಬನ್ನಿ. ನಮ್ಮಲ್ಲಿ ಸಿಗುವ ಕಾರಣಗಳು ಬೆರಳೆಣಿಕೆಯವು: ಸ್ವಿಚ್ ಬೋರ್ಡಿನೊಳಗೆ ಇರುವೆ ಗೂಡು ಅಥವಾ ಸತ್ತ ಹಲ್ಲಿ, ಇರಚಲು ಹೊಡೆದ ಮರದ ಬೋರ್ಡು, ಸಬ್‌ಮರ್ಸಿಬಲ್ ಪಂಪಿನ ಕೇಬಲ್ ಜಾಯಿಂಟು, ಹೊರಗಿನ ಬಲ್ಬ್ ಹೋಲ್ಡರ್. ಎಲ್ಲ ಎಂಸಿಬಿ ಇಳಿಸಿದರೂ ಬಿದ್ದರೆ ಎಲ್ಲಿಯೋ ನ್ಯೂಟ್ರಲ್ ಅರ್ಥಿಗೆ ತಾಗಿದೆ. ಒಂದು ಪೋಲಿನ ಎಂಸಿಬಿ ನ್ಯೂಟ್ರಲನ್ನು ಕತ್ತರಿಸುವುದಿಲ್ಲ. ಇನ್ವರ್ಟರ್ ಹಾಕಿದ ಮೇಲೆ ಶುರುವಾಗಿದ್ದರೆ ಇನ್ವರ್ಟರಿನ ಫೇಸಿಗೆ ಆರ್‌ಸಿಸಿಬಿಯ ಆಚೆಯ ನ್ಯೂಟ್ರಲ್ ಬೆರೆತಿರುತ್ತದೆ.

ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ. ಅದು ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ. ಅರ್ಥ್ ತಂತಿಯೇ ಇಲ್ಲದಿದ್ದರೂ ಒತ್ತಿದಾಗ ಬೀಳುತ್ತದೆ.

ಕೊಟ್ಟಿಗೇಲಿ ತಪ್ಪಾದ್ರೆ ಇಡೀ ಮನೆ ಕತ್ತಲಾಗ್ತದೆ. ತಪ್ಪಿಸೋದು ಹೇಗೆ?

ಮನೆಯಲ್ಲೂ ಶೆಡ್ಡಿನಲ್ಲೂ 30 ಮಿಲಿಆಂಪಿಯರಿನವೇ ಇದ್ದರೆ ಯಾವುದು ಮೊದಲು ಬೀಳುತ್ತದೋ ಹೇಳಲು ಬರುವುದಿಲ್ಲ. ಮುಖ್ಯ ಬೋರ್ಡಿನಲ್ಲಿ 100 ಮಿಲಿಆಂಪಿಯರಿನ, ತಡವಾಗಿ ಬೀಳುವ ಎಸ್ ಮಾದರಿಯದ್ದನ್ನು ಹಾಕಿಸಿ. ಅದರ ಕೆಳಗೆ ಮನೆಗೊಂದು, ಶೆಡ್ಡಿಗೊಂದು 30ರದು. ಎರಡರ ನ್ಯೂಟ್ರಲ್ ಎಲ್ಲಿಯೂ ಬೆರೆಯಬಾರದು.

ಅರ್ಥಿಂಗ್ ಮಾಡಿಸಿದ್ರೆ ಸಿಡಿಲಿಗೂ ಆಗ್ತದಾ?

ಇಲ್ಲ. ಸಿಡಿಲಿನ ಉಬ್ಬರ ಬರುವುದು ಹೆಚ್ಚಾಗಿ ಲೈನಿನ ತಂತಿಯಲ್ಲಿ. ಅದಕ್ಕೆ ಮುಖ್ಯ ಬೋರ್ಡಿನಲ್ಲಿ ಸರ್ಜ್ ತಡೆಯುವ ಎಸ್‌ಪಿಡಿ ಬೇಕು, ಅದರಿಂದ ಅರ್ಥ್ ಪಟ್ಟಿಗೆ ಹೋಗುವ ತಂತಿ ಅರ್ಧ ಮೀಟರಿನೊಳಗೆ, ಸುರುಳಿಯಿಲ್ಲದೆ ನೇರ ಇರಬೇಕು. ಏಪ್ರಿಲ್–ಮೇ ಗುಡುಗಿನ ಸಂಜೆಗಳಲ್ಲಿ ಪಂಪಿನ ಪ್ಲಗ್ ಕಿತ್ತಿಡುವುದು ಇನ್ನೂ ಖಚಿತ. ಬರೀ ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನೊಳಗಿನ ಮೂರು ಮಿಲಿಮೀಟರ್ ಸಂದನ್ನು ಸಿಡಿಲು ಹಾರಿಬಿಡುತ್ತದೆ.